ಎಡಕ್ಕೋ ಬಲಕ್ಕೋ: ಸದನದ ಕುರ್ಚಿ ಲೆಕ್ಕಕ್ಕೆ ಬಂದ ಕತೆ

ಯಶವಂತಪುರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಹುಟ್ಟಿದ್ದು 2008ರಲ್ಲಿ. ಕ್ಷೇತ್ರ ಮರುವಿಂಗಡಣೆಯಾಗಿ ಬೆಂಗಳೂರಿನ ಪಾಲು 28 ಸ್ಥಾನಗಳಿಗೆ ಏರಿದಾಗ ಹೆಬ್ಬಾಳ, ಬ್ಯಾಟರಾಯನಪುರಗಳ ಜೊತೆ ಇದಕ್ಕೂ ವಿಧಾನಸೌಧದಲ್ಲಿ ಒಂದು ಕುರ್ಚಿ ದೊರೆಯಿತು. ಹೆಸರು ನಮ್ಮ ಉತ್ತರ ಬೆಂಗಳೂರಿನದೇ ಆದರೂ ನೆಲದ ಬಹುಭಾಗ ಕೆಂಗೇರಿ, ಉಲ್ಲಾಳ, ಹೇರೋಹಳ್ಳಿಗಳ ಕಡೆಯದು. ರೈಲು ನಿಲ್ದಾಣವಿರುವ ಯಶವಂತಪುರದ ವಾರ್ಡು ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ ಹೋಯಿತು.

ಆ ಒಂದು ಕುರ್ಚಿ ನಡೆದ ದಾರಿಯನ್ನು ನೋಡಿ. 2008ರಲ್ಲಿ ಬಿಜೆಪಿಯಿಂದ ಗೆದ್ದ ಶೋಭಾ ಕರಂದ್ಲಾಜೆಯವರು ಸಭಾಧ್ಯಕ್ಷರ ಬಲಗಡೆ, ಆಡಳಿತ ಪಕ್ಷದ ಸಾಲಿನಲ್ಲಿ ಕೂತರು. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಎಸ್.ಟಿ. ಸೋಮಶೇಖರ್ ಅವರಿಗೂ ಬಲಗಡೆಯೇ ಜಾಗ. 2018ರಲ್ಲಿ ಅವರೇ ಮತ್ತೆ ಗೆದ್ದರು, ಮೈತ್ರಿ ಸರ್ಕಾರ ಬಂತು, ಕುರ್ಚಿ ಬಲದಲ್ಲೇ ಉಳಿಯಿತು. 2019ರ ಜುಲೈನಲ್ಲಿ ರಾಜೀನಾಮೆ, ಅನರ್ಹತೆ. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆಲುವು. 2020ರ ಫೆಬ್ರುವರಿಯಲ್ಲಿ ಸಚಿವ ಸ್ಥಾನ. ಪಕ್ಷ ಬದಲಾದರೂ ಕೂರುವ ಮಗ್ಗುಲು ಬದಲಾಗಲಿಲ್ಲ. 2023ರಲ್ಲಿ ಮೊದಲ ಬಾರಿಗೆ ಯಶವಂತಪುರ ಎಡಕ್ಕೆ, ವಿರೋಧ ಪಕ್ಷದ ಕಡೆಗೆ ಸರಿಯಿತು. 2025ರ ಮೇ 27ರಂದು ಬಿಜೆಪಿ ಸೋಮಶೇಖರ್ ಅವರನ್ನೂ ಯಲ್ಲಾಪುರದ ಶಿವರಾಮ ಹೆಬ್ಬಾರರನ್ನೂ ಆರು ವರ್ಷಗಳ ಕಾಲ ಪಕ್ಷದಿಂದ ಉಚ್ಚಾಟಿಸಿತು.

ಹದಿನೇಳು ವರ್ಷಗಳ ರಾಜ್ಯ ರಾಜಕೀಯವನ್ನು ಒಂದೇ ಕುರ್ಚಿಯ ಜಾಡು ಹಿಡಿದು ಹೇಳಬಹುದು. ಅದು ಸಾಧ್ಯವಾಗಿರುವುದು ಸದನದಲ್ಲಿ ಎಡ, ಬಲ, ಮುಂದು, ಹಿಂದು ಎಂಬುದಕ್ಕೆಲ್ಲ ಅರ್ಥ ಇರುವುದರಿಂದ. ಈ ಅರ್ಥವನ್ನು ಯಾರೋ ಒಬ್ಬರು ಕೂತು ಯೋಚಿಸಿ ಕೊಟ್ಟದ್ದಲ್ಲ. ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಇಕ್ಕಟ್ಟುಗಳಲ್ಲಿ ಅದು ತಾನಾಗಿ ಕಂಡುಬಂತು. ಕೊನೆಯ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಹೊರಟದ್ದು ಬೆಂಗಳೂರಿನಿಂದ.

ಮೊದಲನೆಯದು ಲಂಡನ್ನಿನಲ್ಲಿ. ಹದಿನಾರನೆಯ ಶತಮಾನದ ನಡುವಿನವರೆಗೆ ಇಂಗ್ಲೆಂಡಿನ ಕಾಮನ್ಸ್ ಸಭೆಗೆ ಸ್ವಂತ ಮನೆ ಇರಲಿಲ್ಲ. ಆರನೆಯ ಎಡ್ವರ್ಡನ ಕಾಲದಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಸೇಂಟ್ ಸ್ಟೀಫನ್ಸ್ ಪ್ರಾರ್ಥನಾ ಮಂದಿರ ಪೂಜೆಯಿಂದ ಬಿಡುವಾಗಿ ಸಭೆಯ ಪಾಲಿಗೆ ಬಂತು. ಮಂದಿರದ ಉದ್ದಕ್ಕೂ ಗಾಯಕವೃಂದದ ಪೀಠಗಳು ಎದುರುಬದುರಾಗಿ ಇದ್ದವು. ಸದಸ್ಯರು ಅವುಗಳಲ್ಲೇ ಕೂತರು. ಬಲಿಪೀಠ ಇದ್ದ ಮೆಟ್ಟಿಲ ಮೇಲೆ ಸ್ಪೀಕರ್ ಅವರ ಕುರ್ಚಿ ಬಂತು. ಒಂದು ಕಡೆಯವರು ಇನ್ನೊಂದು ಕಡೆಯವರ ಮುಖವನ್ನೇ ನೋಡಿಕೊಂಡು ಮಾತಾಡುವ ಪದ್ಧತಿ ಹೀಗೆ, ಇದ್ದ ಜಾಗಕ್ಕೆ ಹೊಂದಿಕೊಂಡದ್ದರಿಂದ ಶುರುವಾಯಿತು. ರಾಜನ ಮಂತ್ರಿಗಳು ಸ್ಪೀಕರ್ ಅವರ ಬಲಗಡೆಯ ಮುಂದಿನ ಸಾಲು ಹಿಡಿದರು. ಅವರನ್ನು ಒಪ್ಪದವರಿಗೆ ಎದುರು ಸಾಲು ಉಳಿಯಿತು. ಮತ ಎಣಿಸಬೇಕಾದಾಗ ಒಂದು ಗುಂಪು ಎದ್ದು ಹೊರಗಿನ ಮೊಗಸಾಲೆಗೆ ಹೋಗುವುದು, ಇನ್ನೊಂದು ಗುಂಪು ಕೂತಲ್ಲೇ ಕೂರುವುದು, ಆಮೇಲೆ ಎರಡನ್ನೂ ಎಣಿಸುವುದು ರೂಢಿಯಾಯಿತು. 1834ರ ಬೆಂಕಿಯಲ್ಲಿ ಮಂದಿರ ಸುಟ್ಟುಹೋಯಿತು. ಹೊಸದಾಗಿ ಕಟ್ಟುವಾಗ ಅದೇ ಎದುರುಬದುರು ಸಾಲುಗಳನ್ನು ಉಳಿಸಿಕೊಂಡರು.

1941ರ ಮೇ 10ರ ರಾತ್ರಿ ಜರ್ಮನ್ ಬಾಂಬು ಆ ಸಭಾಂಗಣವನ್ನೂ ಹಾಳುಮಾಡಿತು. ಮತ್ತೆ ಹೇಗೆ ಕಟ್ಟಬೇಕು ಎಂಬ ಚರ್ಚೆ 1943ರ ಅಕ್ಟೋಬರ್‌ನಲ್ಲಿ ನಡೆದಾಗ ಚರ್ಚಿಲ್ ಹಳೆಯ ಆಕಾರವೇ ಬೇಕೆಂದು ಹಟ ಹಿಡಿದರು. ಅವರ ವಾದ ಇಂದಿಗೂ ಯೋಚಿಸುವಂಥದ್ದು: ಅರ್ಧಚಂದ್ರದ ಸಭೆಯಲ್ಲಿ ಒಬ್ಬ ಸದಸ್ಯ ಯಾರಿಗೂ ಗೊತ್ತಾಗದಂತೆ ಚೂರುಚೂರೇ ಸರಿಯುತ್ತಾ ಎಡದಿಂದ ಬಲಕ್ಕೆ ಬಂದುಬಿಡಬಹುದು, ಎದುರುಬದುರು ಸಾಲುಗಳಿದ್ದರೆ ನಡುವಿನ ನೆಲವನ್ನು ಎಲ್ಲರೂ ನೋಡುತ್ತಿರುವಾಗಲೇ ದಾಟಬೇಕು. ಈ ಮಾತನ್ನು ಆಡುವ ಅಧಿಕಾರ ಅವರಿಗಿತ್ತು. 1904ರಲ್ಲಿ ಅವರು ಕನ್ಸರ್ವೇಟಿವ್ ಸಾಲಿನಿಂದ ಎದ್ದು ಲಿಬರಲ್ ಸಾಲಿಗೆ ಹೋದವರು, ಎರಡು ದಶಕದ ಮೇಲೆ ಹಿಂದಕ್ಕೆ ಬಂದವರು. ಕೊನೆಗೆ 1950ರಲ್ಲಿ ತೆರೆದ ಸಭಾಂಗಣದಲ್ಲಿ ಬೇಕೆಂದೇ ಸದಸ್ಯರ ಸಂಖ್ಯೆಗಿಂತ ಕಡಿಮೆ, 427 ಆಸನಗಳನ್ನಷ್ಟೇ ಇಟ್ಟರು. ಅದರ ಪ್ರವೇಶದ ಬಾಗಿಲುಗಳು ಭಾರತ ಮತ್ತು ಪಾಕಿಸ್ತಾನಗಳ ಕೊಡುಗೆ.

ಎರಡನೆಯದು ಫ್ರಾನ್ಸಿನಲ್ಲಿ, 1789ರ ಬೇಸಿಗೆಯ ಕೊನೆಯಲ್ಲಿ. ವರ್ಸೈನಲ್ಲಿ ಸೇರಿದ್ದ ರಾಷ್ಟ್ರೀಯ ಸಭೆಯ ಮುಂದೆ ಒಂದು ಪ್ರಶ್ನೆ ಬಂತು: ಸಭೆ ಮಾಡಿದ ಕಾನೂನನ್ನು ತಡೆಯುವ ಹಕ್ಕು ರಾಜನಿಗೆ ಇರಬೇಕೆ? ಇರಬೇಕು ಎಂದವರು ಅಧ್ಯಕ್ಷರ ಬಲಗಡೆಗೆ ಸೇರಿಕೊಂಡರು, ಕೂಡದು ಎಂದವರು ಎಡಗಡೆಗೆ. ಯಾವ ನಿಯಮವೂ ಇರಲಿಲ್ಲ, ಯಾರ ಆಜ್ಞೆಯೂ ಇರಲಿಲ್ಲ. ರಾಜನ ಪಕ್ಷದವನಾಗಿದ್ದ ಬ್ಯಾರನ್ ದ ಗೋವಿಲ್ ಎದುರು ಗುಂಪಿನ ಕೂಗಾಟ, ಬೈಗುಳ ತಾಳಲಾರದೆ ತನ್ನಂಥವರೆಲ್ಲ ಬಲಕ್ಕೆ ಸರಿದೆವೆಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸಮಾನ ಮನಸ್ಕರ ಪಕ್ಕ ಕೂರಬೇಕೆಂಬ ಸಹಜ ಆಸೆ ಇಡೀ ಜಗತ್ತಿನ ರಾಜಕೀಯಕ್ಕೆ ಎಡಪಂಥ, ಬಲಪಂಥ ಎಂಬ ಭಾಷೆಯನ್ನು ಕೊಟ್ಟಿತು. ಮುಂದೆ 1798ರಲ್ಲಿ ಪ್ಯಾರಿಸ್ಸಿನ ಬೂರ್ಬೋಂ ಅರಮನೆಯಲ್ಲಿ ಅರ್ಧಚಂದ್ರಾಕಾರದ ಸಭಾಂಗಣ ಸಿದ್ಧವಾಯಿತು. ಅದಕ್ಕೆ ಮಾದರಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಶಾಲೆಯ ದೇಹಛೇದನದ ಮಂಟಪ. ಎಲ್ಲ ಮೆಟ್ಟಿಲುಗಳಿಂದಲೂ ನಡುವಿನ ಮೇಜು ಕಾಣಬೇಕು, ಪಾಠ ಹೇಳುವವರ ದನಿ ಕೇಳಬೇಕು ಎಂದು ರೂಪಿಸಿದ್ದು.

ಭಾರತಕ್ಕೆ ಬಂದದ್ದು ಇವೆರಡರ ಬೆರಕೆ. ಹರ್ಬರ್ಟ್ ಬೇಕರ್ ವಿನ್ಯಾಸದ, 1927ರ ಜನವರಿಯಲ್ಲಿ ಉದ್ಘಾಟನೆಯಾದ ದೆಹಲಿಯ ದುಂಡು ಕಟ್ಟಡದಲ್ಲಿ ಆಸನಗಳು ಕುದುರೆ ಲಾಳದ ಆಕಾರದಲ್ಲಿ ಬಾಗಿದವು. ಆಕಾರ ಫ್ರಾನ್ಸಿನದು, ಬಲಕ್ಕೆ ಸರ್ಕಾರ, ಎಡಕ್ಕೆ ವಿರೋಧ ಪಕ್ಷ ಎಂಬ ಕ್ರಮ ಲಂಡನ್ನಿನದು.

ಮೈಸೂರಿಗೆ ಇದಕ್ಕೂ ಹಿಂದಿನ ಬೇರೆಯದೇ ಅನುಭವವಿತ್ತು. ದಿವಾನ್ ಸಿ. ರಂಗಾಚಾರ್ಲು 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದಾಗ ಬಂದವರು 144 ಮಂದಿ. ತಾಲ್ಲೂಕುಗಳಿಂದ ಬಂದ ರೈತರು, ಜಮೀನ್ದಾರರು, ವರ್ತಕರು. ಅಲ್ಲಿ ಪಕ್ಷ ಇರಲಿಲ್ಲ, ಸರ್ಕಾರ ಬೀಳಿಸುವ ಮತವೂ ಇರಲಿಲ್ಲ. ದಿವಾನರು ಆಡಳಿತದ ವರದಿ ಒಪ್ಪಿಸುತ್ತಿದ್ದರು, ಬಂದವರು ತಮ್ಮ ಕಡೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳುತ್ತಿದ್ದರು. ಎದುರು ಸಾಲು ಎಂಬುದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. 1907ರಲ್ಲಿ ಶಾಸನ ಸಭೆ ಬಂದ ಮೇಲೂ ಅಧ್ಯಕ್ಷತೆ ದಿವಾನರದ್ದೇ.

ಎದುರು ಸಾಲಿಗೆ ಜೀವ ಬಂದದ್ದು ಸಂವಿಧಾನ ಜಾರಿಯಾದ ಮೇಲೆ. 1952ರ ಜೂನ್ 18ರಂದು ಈಗಿನ ಅಠಾರ ಕಚೇರಿಯಲ್ಲಿ ಮೈಸೂರು ವಿಧಾನಸಭೆ ಸೇರಿತು. 99 ಚುನಾಯಿತರು, ಒಬ್ಬ ನಾಮಕರಣ ಸದಸ್ಯ. ಅಂದೇ ಸಭಾಧ್ಯಕ್ಷರ ಆಯ್ಕೆಗೆ ಸ್ಪರ್ಧೆ ನಡೆಯಿತು. ಕಾಂಗ್ರೆಸ್ಸಿನ ಎಚ್. ಸಿದ್ದಯ್ಯನವರ ಎದುರು ನಿಂತವರು ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಸಿದ್ದಯ್ಯನವರು 74 ಮತ ಪಡೆದು ಗೆದ್ದರು. ಸೋಲು ಖಚಿತವಿದ್ದರೂ ಮೊದಲ ದಿನವೇ ಸ್ಪರ್ಧಿಸಿದ ಗೋಪಾಲಗೌಡರು ವಿರೋಧ ಪಕ್ಷದ ಕುರ್ಚಿ ಬರೀ ಕೂರುವುದಕ್ಕಲ್ಲ ಎಂದು ತೋರಿಸಿದರು. ಆ ನಡೆಗೆ ಕನ್ನಡನಾಡು ಸದಾ ಋಣಿ ಎಂದು ನನಗೆ ಅನ್ನಿಸುತ್ತದೆ.

ನಾಲ್ಕು ವರ್ಷಗಳ ಮೇಲೆ, 1956ರ ಡಿಸೆಂಬರ್ 19ರಂದು, ಏಕೀಕೃತ ರಾಜ್ಯದ ವಿಧಾನಸಭೆ ಹೊಸ ವಿಧಾನಸೌಧದಲ್ಲಿ ಮೊದಲ ಸಲ ಕೂತಿತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಬೇರೆಬೇರೆ ಆಡಳಿತಗಳಿಂದ ಬಂದ ಕನ್ನಡ ಸೀಮೆಗಳ ಪ್ರತಿನಿಧಿಗಳು ಹಳೆ ಮೈಸೂರಿನವರ ಜೊತೆ ಒಂದೇ ಛಾವಣಿಯ ಕೆಳಗೆ, ಒಬ್ಬರೇ ಸಭಾಧ್ಯಕ್ಷರ ಮುಂದೆ ಬಂದರು. ಏಕೀಕರಣ ಕಣ್ಣಿಗೆ ಕಾಣುವಂತೆ ಆದದ್ದು ಅಂದು. ಆ ಸೌಧವನ್ನು ಹಟದಿಂದ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೆ ಅಲ್ಲಿ ಮುಖ್ಯಮಂತ್ರಿಯ ಜಾಗದಲ್ಲಿ ಕೂರುವ ಯೋಗ ಬರಲಿಲ್ಲ; ಆಗಸ್ಟ್‌ನಲ್ಲೇ ಅವರು ಅಧಿಕಾರ ಬಿಟ್ಟಿದ್ದರು. ಆ ಜಾಗದಲ್ಲಿ ಕೂತವರು ಎಸ್. ನಿಜಲಿಂಗಪ್ಪ. ಸದಸ್ಯರ ಸಂಖ್ಯೆ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆಯಿತು. ಆಂಗ್ಲೋ ಇಂಡಿಯನ್ ಸಮುದಾಯಕ್ಕೆ 225ನೆಯ ಕುರ್ಚಿ ಕೊಡುತ್ತಿದ್ದ ನಾಮಕರಣದ ಅವಕಾಶ 2020ರ ಜನವರಿಯಲ್ಲಿ ಕೊನೆಗೊಂಡಿತು.

ಪಕ್ಷಗಳು ಹೆಚ್ಚಾದಂತೆ ಮುಂದಿನ ಸಾಲು ಯಾರಿಗೆ ಎಂಬ ಪ್ರಶ್ನೆ ಬಿಗಿಯಾಯಿತು. ಆಸನ ಹಂಚುವ ಅಧಿಕಾರ ಸಭಾಧ್ಯಕ್ಷರದ್ದು. ಲೋಕಸಭೆ ಅದಕ್ಕೊಂದು ಲೆಕ್ಕ ಕಂಡುಕೊಂಡಿತು. ಹಳೆಯ ಸಂಸತ್ ಭವನದ ಲೋಕಸಭೆಯಲ್ಲಿ 550 ಆಸನಗಳು, ಆರು ವಿಭಾಗ. ಎರಡು ಅಂಚಿನ ವಿಭಾಗಗಳಲ್ಲಿ ತಲಾ 97, ನಡುವಿನ ನಾಲ್ಕರಲ್ಲಿ ತಲಾ 89. ಮುಂದಿನ ಸಾಲಿನಲ್ಲಿ 20 ಜಾಗ. ಐದು ಅಥವಾ ಹೆಚ್ಚು ಸದಸ್ಯರಿರುವ ಪಕ್ಷದ ಬಲವನ್ನು ಆ 20ರಿಂದ ಗುಣಿಸಿ ಸದನದ ಒಟ್ಟು ಬಲದಿಂದ ಭಾಗಿಸಿದರೆ ಆ ಪಕ್ಷಕ್ಕೆ ಮುಂದೆ ಎಷ್ಟು ಜಾಗ ಎಂಬುದು ಸಿಗುತ್ತದೆ. 2014ರಲ್ಲಿ ಕಾಂಗ್ರೆಸ್ಸಿಗೆ 44 ಸದಸ್ಯರು. ಲೆಕ್ಕ ಹಾಕಿದರೆ 1.6, ಸಿಕ್ಕಿದ್ದು ಎರಡು. ಎಡಗಡೆಯ ಮೊದಲ ಜಾಗ ಉಪಸಭಾಧ್ಯಕ್ಷರದ್ದು, ಪಕ್ಕದ್ದು ವಿರೋಧ ಪಕ್ಷದ ನಾಯಕರದ್ದು. ಯಾವ ಪಕ್ಷದ ಯಾವ ಸದಸ್ಯ ಎಲ್ಲಿ ಎಂಬುದನ್ನು ಪಕ್ಷದ ನಾಯಕರು, ಸಚೇತಕರು ಸೂಚಿಸುತ್ತಾರೆ.

ಜಾಗಕ್ಕೊಂದು ಸಂಖ್ಯೆ ಇಲ್ಲದೆ ಸದನದ ಯಂತ್ರಗಳೂ ನಡೆಯವು. ಲೋಕಸಭೆಯಲ್ಲಿ 1957ರಿಂದ ಬಂದ ಮತ ದಾಖಲೆ ಯಂತ್ರದ ಗುಂಡಿಯನ್ನು ಸದಸ್ಯರು ತಮಗೆ ಕೊಟ್ಟ ಆಸನದಿಂದಲೇ ಒತ್ತಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆ 454 ಪರ, 2 ವಿರೋಧ ಮತಗಳಿಂದ ಅಂಗೀಕಾರವಾದಾಗ ಹೊಸ ಸಂಸತ್ ಭವನಕ್ಕೆ ಬಂದು ಎರಡೇ ದಿನ. ಆಸನ ಸಂಖ್ಯೆಗಳ ಹಂಚಿಕೆ ಆಗಿರಲಿಲ್ಲ. ಅಷ್ಟು ದೊಡ್ಡ ಮಸೂದೆಗೆ ಕಾಗದದ ಚೀಟಿ ಹಂಚಿ ಮತ ಪಡೆಯಬೇಕಾಯಿತು.

ಇನ್ನು ಬೆಂಗಳೂರಿನ ಪಾಠಕ್ಕೆ ಬರುತ್ತೇನೆ. 1989ರ ಏಪ್ರಿಲ್. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ಶಾಸಕ ಕಲ್ಯಾಣರಾವ್ ಮೊಳಕೇರಿಯವರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಬೆಂಬಲ ವಾಪಸಿನ 19 ಪತ್ರಗಳನ್ನು ಒಪ್ಪಿಸಿದರು. ಕೆಲವೇ ದಿನಗಳಲ್ಲಿ ಆ 19ರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ಸಹಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗಿದ್ದೇವೆ ಎಂದರು. ಬೊಮ್ಮಾಯಿಯವರು ಅಧಿವೇಶನ ಕರೆಯುತ್ತೇನೆ, ಸದನದಲ್ಲೇ ಬಹುಮತ ನೋಡಿ ಎಂದು ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು.

ರಾಜಭವನದಲ್ಲಿ ಪತ್ರಗಳು, ಕೂಗಳತೆ ದೂರದ ವಿಧಾನಸೌಧದಲ್ಲಿ ಖಾಲಿ ಕುರ್ಚಿಗಳು. ಪತ್ರದ ಸಹಿ ಯಾರದು, ಯಾವ ಒತ್ತಡದಲ್ಲಿ ಹಾಕಿದ್ದು, ನಾಳೆ ಬದಲಾಗುವುದೋ ಹೇಳುವಂತಿಲ್ಲ. ಸದನದಲ್ಲಿ ತನ್ನ ಜಾಗದಿಂದ ಎದ್ದು ನಿಂತ ಶಾಸಕನ ಬಗ್ಗೆ ಅಂಥ ಅನುಮಾನಕ್ಕೆ ಎಡೆ ಇಲ್ಲ, ಎಲ್ಲರೂ ನೋಡಿದ್ದಾರೆ. ಬೊಮ್ಮಾಯಿಯವರು ಹೈಕೋರ್ಟಿನಲ್ಲಿ ಸೋತರೂ ಬಿಡಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದನ್ನು ಅಳೆಯುವ ಜಾಗ ಸದನ, ರಾಜ್ಯಪಾಲರ ಸ್ವಂತ ಅಂದಾಜು ಸಾಲದು. ಬೊಮ್ಮಾಯಿಯವರ ಸರ್ಕಾರ ಮರಳಿ ಬರಲಿಲ್ಲ. ಆದರೆ ಅಂದಿನಿಂದ ದೇಶದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಕೇಳಿಬರುವುದು ವಿಶ್ವಾಸಮತದ ಮಾತು. ಲಂಡನ್ನಿನ ಮಂದಿರ ಎದುರುಬದುರು ಕೂರುವುದನ್ನು ಕಲಿಸಿತು, ವರ್ಸೈ ವಿಚಾರಕ್ಕೊಂದು ಮಗ್ಗುಲು ಕೊಟ್ಟಿತು. ಕೂತವರ ತಲೆ ಎಣಿಸದೆ ಸರ್ಕಾರವನ್ನು ಕಿತ್ತುಹಾಕಬಾರದು ಎಂಬುದು ಈ ದೇಶಕ್ಕೆ ಖಾತ್ರಿಯಾದದ್ದು ಕರ್ನಾಟಕದ ಮೊಕದ್ದಮೆಯಿಂದ.

ಎಣಿಸುವ ದಿನ ಯಾರು ಒಳಗಿರಬೇಕು ಎಂಬ ಜಗಳವೂ ಇಲ್ಲೇ ನಡೆಯಿತು. 2010ರ ಅಕ್ಟೋಬರ್ 10ರಂದು ಸಭಾಧ್ಯಕ್ಷ ಕೆ.ಜಿ. ಬೋಪಯ್ಯ 11 ಬಿಜೆಪಿ ಶಾಸಕರನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. ಮರುದಿನ ಗದ್ದಲದ ನಡುವೆ ಧ್ವನಿಮತದಲ್ಲಿ ಯಡಿಯೂರಪ್ಪ ಸರ್ಕಾರ ಗೆದ್ದಿತೆಂದು ಘೋಷಣೆಯಾಯಿತು. ಕೂಗಿನಲ್ಲಿ ತಲೆ ಎಣಿಸಲು ಆಗುವುದಿಲ್ಲ. ರಾಜ್ಯಪಾಲರ ಸೂಚನೆಯಂತೆ 14ರಂದು ಮತ್ತೆ ಮತಕ್ಕೆ ಹಾಕಿದಾಗ 106 ಪರ, 100 ವಿರೋಧ ಬಂತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯ ಆದೇಶಗಳನ್ನು ರದ್ದುಮಾಡಿತು. ಪಕ್ಷೇತರನೊಬ್ಬ ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಆ ಪಕ್ಷ ಸೇರಿದಂತಲ್ಲ ಎಂಬುದೂ ಆ ವ್ಯಾಜ್ಯದಲ್ಲಿ ತೀರ್ಮಾನವಾಯಿತು. 2018ರ ಮೇ ತಿಂಗಳಲ್ಲಿ ಗುಪ್ತ ಮತದಾನಕ್ಕೆ ಅವಕಾಶ ಕೊಡಿ ಎಂಬ ಕೋರಿಕೆ ಬಂದಾಗಲೂ ಕೋರ್ಟು ಒಪ್ಪಲಿಲ್ಲ. ಯಡಿಯೂರಪ್ಪನವರು ಮೇ 19ರಂದು ಸದನದ ಬಲಗಡೆ ಮುಖ್ಯಮಂತ್ರಿಯಾಗಿ ಕೂತು, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಪ್ರಕಟಿಸಿದರು. 25ರಂದು ಅದೇ ಬಲಗಡೆಯಿಂದ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ವಿಶ್ವಾಸಮತ ಕೇಳಿದರು.

ಹದಿನಾಲ್ಕು ತಿಂಗಳ ಮೇಲೆ ಉತ್ತರ ಬೆಂಗಳೂರು ಈ ಕತೆಯ ಅಂಗಳವಾಯಿತು. 2019ರ ಜುಲೈನಲ್ಲಿ ಬಿಜೆಪಿ ಶಾಸಕರು ಯಲಹಂಕದ ಬಳಿಯ ಹೋಟೆಲಿನಲ್ಲಿ, ಕಾಂಗ್ರೆಸ್ ಶಾಸಕರು ಯಶವಂತಪುರದ ಹೋಟೆಲಿನಲ್ಲಿ ಬೀಡುಬಿಟ್ಟಿದ್ದರು. ಕಲಾಪದ ದಿನ ಬಸ್ಸುಗಳು ಅಲ್ಲಿಂದ ವಿಧಾನಸೌಧಕ್ಕೆ ಬರುತ್ತಿದ್ದವು, ಸಂಜೆ ಮರಳುತ್ತಿದ್ದವು. ರಾಜೀನಾಮೆ ಕೊಟ್ಟು ಮುಂಬೈಯಲ್ಲಿ ಕೂತಿದ್ದ ಶಾಸಕರ ಜಾಗಗಳು ಮಾತ್ರ ಖಾಲಿ. ಜುಲೈ 23ರ ಸಂಜೆ ಸಭಾಧ್ಯಕ್ಷ ರಮೇಶ್‌ಕುಮಾರ್ ಕುಮಾರಸ್ವಾಮಿಯವರ ವಿಶ್ವಾಸಮತದ ನಿರ್ಣಯವನ್ನು ಮತಕ್ಕೆ ಹಾಕಿದರು. ಯಂತ್ರವಿಲ್ಲ, ಚೀಟಿಯಿಲ್ಲ. ಬಾಗಿಲು ಮುಚ್ಚಿತು. ಒಂದೊಂದು ಸಾಲೂ ಎದ್ದು ನಿಲ್ಲುತ್ತಿತ್ತು. ಸಿಬ್ಬಂದಿ ಸಾಲಿನ ಮುಂದೆ ನಡೆದು ಎಣಿಸುತ್ತಿದ್ದರು. ಸಾಲು ಕೂತ ಮೇಲೆ ಹಿಂದಿನ ಸಾಲು. ಪರ 99, ವಿರೋಧ 105. ಗೈರು 20. ಒಂದು ಸರ್ಕಾರ ಬಿದ್ದದ್ದು ಹೀಗೆ, ಕುರ್ಚಿಯ ಸಾಲುಗಳನ್ನು ಒಂದಾದ ಮೇಲೊಂದು ಎಣಿಸಿ. ಯಾವ ಪಕ್ಷದವರು ಎಲ್ಲಿ ಕೂತಿದ್ದಾರೆಂಬುದು ಮೊದಲೇ ನಿಗದಿಯಾಗಿರದಿದ್ದರೆ ಆ ಎಣಿಕೆಯನ್ನು ನಂಬುವುದು ಹೇಗೆ?

ಹಾಗೆಂದು ಕೂರುವ ಜಾಗ ಬದಲಾದರೆ ಎಲ್ಲವೂ ಬದಲಾಗುವುದಿಲ್ಲ. ತಮಿಳುನಾಡಿನ ಜಿ. ವಿಶ್ವನಾಥನ್ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಪಕ್ಷ ಉಚ್ಚಾಟಿಸಿದ ಶಾಸಕನಿಗೆ ಸಭಾಧ್ಯಕ್ಷರು ಪ್ರತ್ಯೇಕ ಆಸನ ಕೊಟ್ಟರೂ, ಪಕ್ಷಾಂತರ ನಿಷೇಧ ಕಾಯ್ದೆಯ ಮಟ್ಟಿಗೆ ಅವನು ಗೆದ್ದುಬಂದ ಪಕ್ಷದವನೇ. ಯಶವಂತಪುರ, ಯಲ್ಲಾಪುರದ ಶಾಸಕರ ವಿಷಯದಲ್ಲಿ ಈಗ ಅನ್ವಯವಾಗುವ ತತ್ತ್ವವೂ ಅದೇ. ಆಸನದ ನಕ್ಷೆಯಲ್ಲಿ ಒಂದು ಜಾಗ, ಕಾನೂನಿನಲ್ಲಿ ಇನ್ನೊಂದು. ಮತದಾರನಿಗೆ ಇದು ಗೊಂದಲದ ಸ್ಥಿತಿ. ಪಕ್ಷವೇ ಹೊರಹಾಕಿದವನನ್ನು ಅದೇ ಪಕ್ಷದ ಸಚೇತಕಾಜ್ಞೆಗೆ ಕಟ್ಟಿಹಾಕುವುದು ನ್ಯಾಯವೇ ಎಂದು ಶಾಸನ ಮಾಡುವವರು ಮತ್ತೆ ಯೋಚಿಸಬೇಕು.

ಬೇರೆ ರೀತಿಯಲ್ಲಿ ಕೂರುವ ಸದನಗಳೂ ಇವೆ. ನಾರ್ವೆ, ಸ್ವೀಡನ್‌ಗಳಲ್ಲಿ ಸದಸ್ಯರು ಪಕ್ಷದ ಪ್ರಕಾರ ಕೂರುವುದಿಲ್ಲ. ಒಂದೇ ಪ್ರಾಂತ್ಯದಿಂದ ಬಂದವರು ಅಕ್ಕಪಕ್ಕ ಕೂರುತ್ತಾರೆ. ಐಸ್‌ಲ್ಯಾಂಡಿನಲ್ಲಿ ಮಂತ್ರಿಗಳನ್ನು ಬಿಟ್ಟು ಉಳಿದವರ ಜಾಗವನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಒಂದೇ ಸೀಮೆಯವರು ಅಕ್ಕಪಕ್ಕ ಕೂರುವುದರಿಂದ ಏನು ಲಾಭ ಎಂದರೆ, ನಮ್ಮ ಬಳ್ಳಾರಿ ರಸ್ತೆಯನ್ನೇ ತೆಗೆದುಕೊಳ್ಳಿ. ಹೆಬ್ಬಾಳದ ಬೈರತಿ ಸುರೇಶ್, ಬ್ಯಾಟರಾಯನಪುರದ ಕೃಷ್ಣ ಬೈರೇಗೌಡ 2023ರಿಂದ ಸಚಿವರಾಗಿ ಬಲಗಡೆ ಇದ್ದಾರೆ, ಯಲಹಂಕದ ಎಸ್.ಆರ್. ವಿಶ್ವನಾಥ್ ಎಡಗಡೆ. ಮೂರೂ ಕ್ಷೇತ್ರಗಳ ಜನ ನಿಲ್ಲುವುದು ಒಂದೇ ಹೆಬ್ಬಾಳ ಮೇಲ್ಸೇತುವೆಯ ದಟ್ಟಣೆಯಲ್ಲಿ. ಹೆಬ್ಬಾಳ, ರಾಚೇನಹಳ್ಳಿ, ಯಲಹಂಕದ ಕೆರೆಗಳಿಗೆ ಹರಿಯುವ ಕೊಳಚೆಗೂ ಪಕ್ಷ ಇಲ್ಲ. ವಿಶ್ವಾಸಮತಕ್ಕೆ, ಬಜೆಟ್ಟಿಗೆ ಎಡ ಬಲದ ಸಾಲುಗಳು ಇರಲೇಬೇಕು. ಇಲ್ಲದಿದ್ದರೆ ಎಣಿಕೆ ಕೆಡುತ್ತದೆ. ಆದರೆ ಅಧಿವೇಶನಕ್ಕೆ ಒಂದು ದಿನವಾದರೂ, ಮತಕ್ಕೆ ಹಾಕುವ ವಿಷಯ ಇಲ್ಲದ ದಿನ, ಶಾಸಕರು ಜಿಲ್ಲಾವಾರು ಕೂತು ನೀರು, ರಸ್ತೆ, ಕೆರೆ ಚರ್ಚಿಸಲಿ ಎಂಬುದು ನನ್ನ ಕೋರಿಕೆ. ಆಸನ ಹಂಚುವ ಅಧಿಕಾರ ಸಭಾಧ್ಯಕ್ಷರ ಕೈಯಲ್ಲೇ ಇರುವುದರಿಂದ ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಹೊಸದೊಂದು ಆಸನ ಪಟ್ಟಿ ಸಾಕು.